ಹ್ಯೂಸ್ಟನ್‌ನಲ್ಲಿ ಮಳೆ, ಹಾಸನದಲ್ಲಿ ನಿದ್ದೆಗೇಡು

ಪ್ರಶ್ನೆ: ನಾನು ಹಾಸನದವನು, ನಿವೃತ್ತ ಹೈಸ್ಕೂಲು ಮೇಷ್ಟ್ರು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಅಮೆರಿಕದ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದಾರೆ. 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದಾಗ ಎರಡು ದಿನ ಫೋನ್ ಸಿಗಲಿಲ್ಲ. ಟಿವಿ ನೋಡಿದರೆ ಊರಿಗೆ ಊರೇ ಮುಳುಗಿದ ಹಾಗೆ. ಮೂರನೇ ದಿನ ಮಗಳು ಮಾತಿಗೆ ಸಿಕ್ಕಿ, ‘ಕರೆಂಟಿಲ್ಲ ಅಷ್ಟೇ ಅಪ್ಪ, ಮನೆಗೆ ನೀರು ಬಂದಿಲ್ಲ’ ಎಂದಳು. ಅಷ್ಟು ಹೊತ್ತಿಗೆ ನನ್ನ ಹೆಂಡತಿಗೆ ಬಿಪಿ ಏರಿ ಡಾಕ್ಟರ ಹತ್ತಿರ ಓಡಿದ್ದಾಗಿತ್ತು. ಇನ್ನೊಂದು ಸಲ ಹೀಗಾದರೆ ಇಲ್ಲಿ ಕೂತವರು ಯಾವ ಸುದ್ದಿ ನೋಡಬೇಕು, ಯಾವುದನ್ನು ನಂಬಬೇಕು? ‘ಊರು ಬಿಟ್ಟು ಹೊರಡಿ’ ಎಂದು ಅವರಿಗೆ ಹೇಳಬೇಕೇ?

ಉತ್ತರ: ಮೇಷ್ಟ್ರೇ, ಮೊದಲ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ‘ಹ್ಯೂಸ್ಟನ್ ಏನಾಯಿತು’ ಎಂದು ಕೇಳುವುದನ್ನು ಬಿಡಿ. ಮಗಳ ಮನೆಯ ಮಳೆನೀರು ಯಾವ ಹಳ್ಳಕ್ಕೆ ಹೋಗುತ್ತದೆ, ಆ ಹಳ್ಳ ಈಗ ಎಷ್ಟು ಎತ್ತರದಲ್ಲಿ ಹರಿಯುತ್ತಿದೆ ಎಂಬುದನ್ನು ಹಿಡಿದುಕೊಳ್ಳಿ. ಮಿಕ್ಕ ಸುದ್ದಿಯನ್ನು ಅದರ ನಂತರ ನೋಡಿದರೆ ಸಾಕು.

ಕಾರಣ ಇಷ್ಟೆ. ಹ್ಯೂಸ್ಟನ್ ಬಹುಪಾಲು ಇರುವುದು ಹ್ಯಾರಿಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ). ಆ ಕೌಂಟಿಯೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಜಲಾನಯನ ಪ್ರದೇಶಗಳಿವೆ. ಬಫಲೋ ಬೈಯೂ, ಬ್ರೇಸ್ ಬೈಯೂ, ವೈಟ್ ಓಕ್, ಗ್ರೀನ್ಸ್, ಸೈಪ್ರೆಸ್ ಕ್ರೀಕ್ ಹೀಗೆ ಒಂದೊಂದಕ್ಕೂ ಅದರದೇ ಹಳ್ಳ. ಅಲ್ಲಿ ನಿಧಾನವಾಗಿ ಹರಿಯುವ ಹಳ್ಳಕ್ಕೆ ಬೈಯೂ ಎನ್ನುತ್ತಾರೆ. ನೆಲ ಚಪ್ಪಟೆ, ಮಣ್ಣು ಜೇಡಿ, ಊರು ಸಮುದ್ರಮಟ್ಟದಿಂದ ಹದಿನೈದು ಮೀಟರ್ ಆಸುಪಾಸಿನಲ್ಲಿದೆ. ಮಳೆಯ ಮೋಡ ಒಂದು ಹಳ್ಳದ ತಲೆಯ ಮೇಲೆ ನಿಂತರೆ ಅಲ್ಲಿ ಮನೆಗಳಿಗೆ ನೀರು ನುಗ್ಗುತ್ತದೆ; ಹದಿನೈದು ಕಿಲೋಮೀಟರ್ ಆಚೆಯವರು ಅದೇ ಹೊತ್ತಿಗೆ ಕಾಫಿ ಕುಡಿಯುತ್ತಿರುತ್ತಾರೆ. ಬ್ರೇಸ್ ಬೈಯೂ ದಡದ ಮೇಯರ್‌ಲ್ಯಾಂಡ್ ಬಡಾವಣೆಗೆ 2015, 2016, 2017 ಮೂರು ವರ್ಷವೂ ನೀರು ನುಗ್ಗಿತ್ತು. ಆ ಮೂರು ವರ್ಷವೂ ಒಂದು ಹನಿ ಒಳಗೆ ಬರದ ಬಡಾವಣೆಗಳು ಅದೇ ಊರಿನಲ್ಲಿ ಲೆಕ್ಕವಿಲ್ಲದಷ್ಟಿವೆ.

2017ರ ಹಾರ್ವಿ ಚಂಡಮಾರುತವನ್ನೇ ತೆಗೆದುಕೊಳ್ಳಿ. ನಾಲ್ಕು ದಿನದಲ್ಲಿ ಇಡೀ ಕೌಂಟಿಗೆ ಸರಾಸರಿ 33 ಇಂಚಿಗೂ ಹೆಚ್ಚು, ಅಂದರೆ ಸುಮಾರು 850 ಮಿ.ಮೀ. ಮಳೆ ಸುರಿಯಿತು. ಬೆಂಗಳೂರಿನಲ್ಲಿ ಒಂದು ವರ್ಷ ಪೂರ್ತಿ ಬೀಳುವ ಮಳೆಗೆ ಇದು ಹತ್ತಿರ. ಪೂರ್ವದ ನೆಡರ್‌ಲ್ಯಾಂಡ್ ಎಂಬಲ್ಲಿ 1,539 ಮಿ.ಮೀ. ದಾಖಲಾಯಿತು. ಅಮೆರಿಕದ ಹವಾಮಾನ ಇಲಾಖೆಯ ಮಳೆ ನಕ್ಷೆಗೆ ಇದ್ದ ಬಣ್ಣಗಳು ಸಾಲದೆ ನೇರಳೆಯ ಇನ್ನೆರಡು ಛಾಯೆಗಳನ್ನು ಸೇರಿಸಬೇಕಾಯಿತು. ಅಂಥ ಮಳೆಗೂ ಹ್ಯಾರಿಸ್ ಕೌಂಟಿಯಲ್ಲಿ ನೀರು ಹೊಕ್ಕ ಮನೆಗಳು ಸುಮಾರು 1,54,000. ಅಲ್ಲಿನ ಒಟ್ಟು ಕಟ್ಟಡಗಳಲ್ಲಿ ನೂರಕ್ಕೆ 9ರಿಂದ 12. ಅದು ಸಣ್ಣ ಸಂಖ್ಯೆ ಎಂದು ನಾನು ಹೇಳುತ್ತಿಲ್ಲ. ನೂರರಲ್ಲಿ ಸುಮಾರು ತೊಂಬತ್ತು ಕಟ್ಟಡಗಳ ಒಳಗೆ ನೀರು ಬರಲಿಲ್ಲ ಎಂಬುದನ್ನು ನಮ್ಮ ಟಿವಿಯಲ್ಲಿ ಯಾರೂ ಹೇಳಲಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಯಾರು ನೋಡುತ್ತಾರೆ?

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರುವುದು ಕಡಿಮೆ. ಹ್ಯೂಸ್ಟನ್‌ನ ರಸ್ತೆಗಳಲ್ಲಿ ನೀರು ನಿಲ್ಲುವುದು ಒಂದು ಮಟ್ಟಿಗೆ ವಿನ್ಯಾಸದ ಭಾಗ. ನೆಲದಡಿಯ ಮಳೆನೀರು ಕೊಳವೆಗಳು ಸಾಧಾರಣ ಮಳೆಗಷ್ಟೇ ಸಾಲುತ್ತವೆ. ಅದಕ್ಕಿಂತ ಹೆಚ್ಚು ಬಿದ್ದರೆ ನೀರು ರಸ್ತೆಯಲ್ಲಿ ತುಂಬಿ ನಿಂತು, ಕೊಳವೆ ಖಾಲಿಯಾದ ಹಾಗೆ ಇಳಿದು ಹೋಗಲಿ ಎಂದೇ ರಸ್ತೆಗಳನ್ನು ತಗ್ಗಿಗೆ, ಮನೆಗಳನ್ನು ಒಂದಿಷ್ಟು ಎತ್ತರಕ್ಕೆ ಕಟ್ಟುತ್ತಾರೆ. ಹಾಗಾಗಿ ಕಾರಿನ ಬಾಗಿಲವರೆಗೆ ನೀರು ನಿಂತ ರಸ್ತೆಯ ಚಿತ್ರ ನೋಡಿದ ತಕ್ಷಣ ಪಕ್ಕದ ಮನೆಯೊಳಗೂ ನೀರಿದೆ ಎಂದುಕೊಳ್ಳಬೇಡಿ. ಆದರೆ ಆ ರಸ್ತೆಯಲ್ಲಿ ಕಾರು ಓಡಿಸುವುದು ಮಾತ್ರ ಪ್ರಾಣಕ್ಕೆ ಅಪಾಯ. ಅಲ್ಲಿನ ನೆರೆಗಳಲ್ಲಿ ವಾಹನದೊಳಗೇ ಸಿಕ್ಕಿ ಸತ್ತವರು ಬಹಳ. ಅಳಿಯಂದಿರಿಗೆ ನೀವು ಒಂದೇ ಒಂದು ಮಾತು ಹೇಳುವುದಿದ್ದರೆ ಇದನ್ನು ಹೇಳಿ: ಮಳೆ ನಿಲ್ಲುವವರೆಗೆ ಕಾರು ಗ್ಯಾರೇಜಿನಲ್ಲೇ ಇರಲಿ.

ಈಗ ಚಂಡಮಾರುತದ ‘ಕೆಟಗರಿ’ ವಿಚಾರ. ಒಂದರಿಂದ ಐದರವರೆಗಿನ ಆ ಅಂಕ ಗಾಳಿಯ ವೇಗಕ್ಕೆ ಮಾತ್ರ. ಮಳೆ ಎಷ್ಟು, ಸಮುದ್ರ ಎಷ್ಟು ಉಕ್ಕುತ್ತದೆ, ಹಳ್ಳ ಎಷ್ಟು ಏರುತ್ತದೆ ಎಂಬುದು ಅದರಲ್ಲಿ ಇಲ್ಲ. ಹಾರ್ವಿ ಕೆಟಗರಿ 4 ಆಗಿ ದಡ ಮುಟ್ಟಿದ್ದು 2017ರ ಆಗಸ್ಟ್ 25ರ ರಾತ್ರಿ, ಹ್ಯೂಸ್ಟನ್‌ನಿಂದ ಇನ್ನೂರು ಕಿಲೋಮೀಟರಿಗೂ ದೂರದ ರಾಕ್‌ಪೋರ್ಟ್ ಹತ್ತಿರ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಹರಿಕೇನ್ (ಕೆಟಗರಿ 1 ಅಥವಾ ಮೇಲಿನ ಚಂಡಮಾರುತ) ಎಂಬ ಪಟ್ಟ ಕಳೆದುಕೊಂಡಿತ್ತು. ಹ್ಯೂಸ್ಟನ್‌ಗೆ ಪ್ರಳಯದ ರಾತ್ರಿ ಬಂದದ್ದು ಆಮೇಲೆ! ‘ದುರ್ಬಲಗೊಂಡ ಚಂಡಮಾರುತ’ ಎಂಬ ಶೀರ್ಷಿಕೆ ಓದಿ ನೆಮ್ಮದಿಯಿಂದ ಮಲಗಿದವರು ಬೆಳಗ್ಗೆ ಎದ್ದು ಮತ್ತೆ ಫೋನು ಹಿಡಿದರು. 2001ರ ಅಲಿಸನ್ ಹರಿಕೇನ್ ಮಟ್ಟಕ್ಕೆ ಏರಲೇ ಇಲ್ಲ, ಆದರೂ ಟೆಕ್ಸಸ್ ಮೆಡಿಕಲ್ ಸೆಂಟರ್‌ನ ಆಸ್ಪತ್ರೆಗಳ ನೆಲಮಾಳಿಗೆಗೆ ನೀರು ನುಗ್ಗಿಸಿತು. 2019ರ ಇಮೆಲ್ಡಾ ಕತೆಯೂ ಅದೇ ಜಾತಿಯದು. ನಿಮ್ಮ ಬೆರಿಲ್ ಕೆಟಗರಿ 1. ಅದರ ಮುಖ್ಯ ಹೊಡೆತ ಬಿದ್ದದ್ದು ನೀರಿನಿಂದಲ್ಲ, ಗಾಳಿಯಿಂದ: ಮರಗಳು ವಿದ್ಯುತ್ ತಂತಿಯ ಮೇಲೆ ಉರುಳಿ 22 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಹೋಯಿತು. ಕೆಲವರಿಗೆ ಅದು ಮರಳಲು ವಾರ ದಾಟಿತು. ಆದ್ದರಿಂದ ಮುಂದಿನ ಸಲ ಕೆಟಗರಿ ಎಷ್ಟು ಎಂದು ಕೇಳುವ ಬದಲು ಚಂಡಮಾರುತ ಎಷ್ಟು ನಿಧಾನವಾಗಿ ಚಲಿಸುತ್ತಿದೆ ಎಂದು ಕೇಳಿ. ಗಂಟೆಗೆ ಐದಾರು ಕಿಲೋಮೀಟರಿಗೆ ಇಳಿದು ಅಲ್ಲೇ ಸುತ್ತತೊಡಗಿದರೆ ಮಳೆಯ ಭಯ ನಿಜ.

ಮಿಯಾಮಿಯಲ್ಲಿರುವ ನ್ಯಾಷನಲ್ ಹರಿಕೇನ್ ಸೆಂಟರ್ ಬಿಡಿಸುವ ಬಿಳಿ ಶಂಕುವನ್ನು (ಚಂಡಮಾರುತ ಸಾಗಬಹುದಾದ ದಾರಿಯ ಅಂದಾಜು) ಎಲ್ಲ ಚಾನೆಲ್ಲುಗಳೂ ತೋರಿಸುತ್ತವೆ. ಚಂಡಮಾರುತದ ಕೇಂದ್ರಬಿಂದು ಸುಮಾರಾಗಿ ಮೂರರಲ್ಲಿ ಎರಡು ಸಲ ಆ ಶಂಕುವಿನೊಳಗೆ ಇರುತ್ತದೆ ಎಂದಷ್ಟೇ ಅದರ ಅರ್ಥ. ಶಂಕುವಿನ ಹೊರಗಿದ್ದವರಿಗೆ ಮಳೆಯಿಲ್ಲ ಎಂದಲ್ಲ, ಒಳಗಿದ್ದವರೆಲ್ಲ ಮುಳುಗುತ್ತಾರೆ ಎಂದೂ ಅಲ್ಲ.

ನಿಮ್ಮ ನಿದ್ದೆಗೆ ಸಂಬಂಧಪಟ್ಟ ಲೆಕ್ಕ ಇದು. ಆ ಕೇಂದ್ರದ ಪೂರ್ಣ ಪ್ರಕಟಣೆ ಆರು ಗಂಟೆಗೊಮ್ಮೆ ಬರುತ್ತದೆ. ಹ್ಯೂಸ್ಟನ್ ಬೇಸಿಗೆ ಸಮಯದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುವುದರಿಂದ ನಮ್ಮ ಗಡಿಯಾರದಲ್ಲಿ ಅದು ಬೆಳಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30, ಮತ್ತೆ ನಡುರಾತ್ರಿ 2.30. ಚಂಡಮಾರುತ ದಡಕ್ಕೆ ಹತ್ತಿರ ಬಂದಾಗ ನಡುನಡುವೆ ಚಿಕ್ಕ ಪ್ರಕಟಣೆಗಳೂ ಇರುತ್ತವೆ. ತಿಂಡಿ ಮುಗಿಸಿ ಒಂದು ಸಲ, ಮಧ್ಯಾಹ್ನ ಊಟವಾಗಿ ಒಂದು ಸಲ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ನೋಡಿ, ಸಾಕು. ನಡುವಿನ ಹೊತ್ತಿನಲ್ಲಿ ಟಿವಿಯಲ್ಲಿ ‘ಬ್ರೇಕಿಂಗ್’ ಎಂದು ಕೆಂಪು ಬಾಣದೊಂದಿಗೆ ಬರುವುದು ಬಹುಪಾಲು ಬೆಳಗಿನದೇ ದೃಶ್ಯ. ನಡುರಾತ್ರಿ ಎರಡೂವರೆಯದನ್ನು ನೋಡಲು ಯಾರೂ ಎದ್ದಿರಬೇಕಾಗಿಲ್ಲ. ಅಲ್ಲಿ ಅದು ಸಂಜೆ ನಾಲ್ಕು, ಮಗಳು ಎಚ್ಚರವಾಗಿಯೇ ಇರುತ್ತಾಳೆ.

ಎಚ್ಚರಿಕೆಗಳಲ್ಲಿ ‘ವಾಚ್’ ಎಂದರೆ ಆಗಬಹುದು, ತಯಾರಿರಿ. ‘ವಾರ್ನಿಂಗ್’ ಎಂದರೆ ಆಗುತ್ತಿದೆ ಅಥವಾ ಆಗುವುದು ಖಚಿತಕ್ಕೆ ಹತ್ತಿರ. ನಮ್ಮ ಚಾನೆಲ್ಲುಗಳು ಎರಡನ್ನೂ ‘ಎಚ್ಚರಿಕೆ’ ಎಂದು ಒಂದೇ ಮಾಡಿಬಿಡುತ್ತವೆ. ‘ಫ್ಲ್ಯಾಶ್ ಫ್ಲಡ್ ಎಮರ್ಜೆನ್ಸಿ’ ಎಂಬ ಮಾತು ಮಾತ್ರ ಬೇರೆ. ಅದನ್ನು ಅಪರೂಪಕ್ಕೆ, ಜೀವಕ್ಕೆ ಅಪಾಯವಿದ್ದಾಗಲೇ ಬಳಸುತ್ತಾರೆ. ಅದು ಮಗಳ ಮನೆ ಇರುವ ಭಾಗಕ್ಕೆ ಬಂದಿದ್ದರೆ ನಿಮ್ಮ ಆತಂಕಕ್ಕೆ ಆಧಾರವಿದೆ.

ಇನ್ನು ಹಳ್ಳದ ಮಟ್ಟ ನೋಡುವ ಬಗೆ. ‘ಹ್ಯಾರಿಸ್ ಕೌಂಟಿ ಫ್ಲಡ್ ವಾರ್ನಿಂಗ್ ಸಿಸ್ಟಮ್’ ಎಂಬ ತಾಣದಲ್ಲಿ ಕೌಂಟಿಯ ನಕ್ಷೆ ಇದೆ, ಅದರ ಮೇಲೆ ಮಾಪಕಗಳ ಚುಕ್ಕೆಗಳಿವೆ. ಒಂದು ಚುಕ್ಕೆ ಒತ್ತಿದರೆ ಅಲ್ಲಿ ಬಿದ್ದ ಮಳೆ, ಹಳ್ಳದ ಈಗಿನ ಮಟ್ಟ, ಹಳ್ಳದ ದಂಡೆಯ ಎತ್ತರ, ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಸಿಗುತ್ತದೆ. ನೋಡಬೇಕಾದದ್ದು ಎರಡೇ: ಈಗಿನ ಮಟ್ಟ ದಂಡೆಗಿಂತ ಎಷ್ಟು ಕೆಳಗಿದೆ, ಮತ್ತು ಹೋದ ಒಂದು ಗಂಟೆಯಲ್ಲಿ ಏರಿದೆಯೋ ಇಳಿದಿದೆಯೋ. ಮೊಮ್ಮಕ್ಕಳಲ್ಲಿ ದೊಡ್ಡವನನ್ನು ವೀಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡು ಬಿಸಿಲಿನ ದಿನ ಒಂದು ಸಲ ಇದನ್ನು ಅಭ್ಯಾಸ ಮಾಡಿ. ಮಳೆಯ ದಿನ ಕಲಿಯುವ ವಿದ್ಯೆ ಇದಲ್ಲ.

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಅಲ್ಲಿನ ಮಟ್ಟಗಳು ಬಹುಪಾಲು ಸಮುದ್ರಮಟ್ಟದಿಂದ ಅಳೆದ ಅಡಿಗಳು. ನಮ್ಮಲ್ಲೂ ಎರಡು ಪದ್ಧತಿ ಇವೆ, ನಿಮಗೆ ಗೊತ್ತಿರುತ್ತದೆ: ಕೆಆರ್‌ಎಸ್‌ನ 124.80 ಅಡಿ ಅಣೆಕಟ್ಟೆಯ ತಳದಿಂದ ಅಳೆದದ್ದು, ಆಲಮಟ್ಟಿಯ 519.60 ಮೀಟರ್ ಸಮುದ್ರಮಟ್ಟದಿಂದ. ಹಾರ್ವಿ ಕಾಲದಲ್ಲಿ ಕೇಟಿ ಪಕ್ಕದ ಬಾರ್ಕರ್ ಜಲಾಶಯ 101 ಅಡಿ ದಾಟಿತು ಎಂಬ ಸುದ್ದಿ ಬಂತು. ಅದು ಆಲಮಟ್ಟಿ ಲೆಕ್ಕ, ಕೆಆರ್‌ಎಸ್ ಲೆಕ್ಕವಲ್ಲ. ನೂರು ಅಡಿ ನೀರು ಯಾರ ಮನೆಯ ಮೇಲೂ ನಿಂತಿರಲಿಲ್ಲ.

ಬಾರ್ಕರ್ ಹೆಸರು ಬಂದಿದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ, ಕೇಟಿಯವರಿಗೆ ಇದೇ ಮುಖ್ಯ. 1929 ಮತ್ತು 1935ರ ನೆರೆಗಳಿಗೆ ಹೆದರಿ, ಹ್ಯೂಸ್ಟನ್ ನಗರದ ಮಧ್ಯಭಾಗವನ್ನು ಉಳಿಸಲು ಅಮೆರಿಕದ ಸೇನಾ ಎಂಜಿನಿಯರುಗಳ ದಳ 1940ರ ದಶಕದಲ್ಲಿ ಪಶ್ಚಿಮಕ್ಕೆ ಆಡಿಕ್ಸ್, ಬಾರ್ಕರ್ ಎಂಬ ಎರಡು ಮಣ್ಣಿನ ಏರಿಗಳನ್ನು ಕಟ್ಟಿತು. ವರ್ಷದ ಹೆಚ್ಚು ದಿನ ಇವು ಒಣಗಿರುತ್ತವೆ. ಒಳಗೆ ಪಾರ್ಕು, ಆಟದ ಮೈದಾನ, ಸೈಕಲ್ ದಾರಿ. ಹಾಗಾಗಿ ತಾವು ಜಲಾಶಯದ ಪಕ್ಕದಲ್ಲಿದ್ದೇವೆ ಎಂಬುದೇ ಅನೇಕರಿಗೆ ಗೊತ್ತಿರಲಿಲ್ಲ. ಬಾರ್ಕರ್‌ನಲ್ಲಿ ಸರಕಾರ ಸ್ವಂತಕ್ಕೆ ಕೊಂಡ ಜಾಗ ಸುಮಾರು 95 ಅಡಿ ಮಟ್ಟದವರೆಗೆ ಮಾತ್ರ. ಅದಕ್ಕಿಂತ ಮೇಲೆ ನೀರು ನಿಲ್ಲಬಹುದಾದ ಜಾಗದಲ್ಲಿ ಮುಂದೆ ಬಡಾವಣೆಗಳು ಎದ್ದವು. ಹಾರ್ವಿಯಲ್ಲಿ ನೀರು ಹಿಂದಕ್ಕೆ ಒತ್ತಿ ಆ ಮನೆಗಳಿಗೆ ನುಗ್ಗಿತು. ಏರಿ ಉಳಿಸಲೆಂದು ಆಗಸ್ಟ್ 28ರ ನಸುಕಿನಲ್ಲಿ ಗೇಟು ತೆಗೆದಾಗ ಕೆಳಗಿನ ಬಫಲೋ ಬೈಯೂ ದಡದ ಮನೆಗಳಿಗೂ ನುಗ್ಗಿತು. ಎರಡೂ ಸೇರಿ ಬಿಟ್ಟದ್ದು ಹೆಚ್ಚೆಂದರೆ ಸುಮಾರು 13,000 ಕ್ಯೂಸೆಕ್. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಹೋದ ವರ್ಷಗಳನ್ನು ಕಂಡ ನಮಗೆ ಅದು ಯಾವ ಲೆಕ್ಕ ಅನ್ನಿಸೀತು. ಆದರೆ ಆ ಕಿರಿದಾದ ಹಳ್ಳಕ್ಕೆ ಮಾಮೂಲಿನಲ್ಲಿ ಬಿಡುತ್ತಿದ್ದದ್ದು 2,000 ಕ್ಯೂಸೆಕ್ ಮೀರದ ಹಾಗೆ, ಮನೆಗಳೂ ದಡಕ್ಕೇ ಅಂಟಿಕೊಂಡಿವೆ. ಕೆಳಭಾಗದ ಕೆಲವು ಮನೆಗಳಲ್ಲಿ ನೀರು ಇಳಿಯಲು ವಾರಗಳೇ ಹಿಡಿದವು.

ಕೇಟಿ ಎಂಬ ಒಂದೇ ಹೆಸರಿನಲ್ಲಿ ಕರೆಸಿಕೊಳ್ಳುವ ಬಡಾವಣೆಗಳಲ್ಲಿ ಕೆಲವು ಬಾರ್ಕರ್‌ಗೆ, ಉತ್ತರದ ಕೆಲವು ಆಡಿಕ್ಸ್‌ಗೆ, ದಕ್ಷಿಣದ ಕೆಲವು ಬ್ರಾಜೋಸ್ ನದಿಯ ಕಡೆಗೆ ಬಸಿಯುತ್ತವೆ. ಊರು ಹ್ಯಾರಿಸ್, ಫೋರ್ಟ್ ಬೆಂಡ್, ವಾಲರ್ ಎಂಬ ಮೂರು ಕೌಂಟಿಗಳಲ್ಲಿ ಹರಡಿದೆ. ಆದ್ದರಿಂದ ಮಗಳಿಂದ ಮೂರು ಸಂಗತಿ ಕೇಳಿ ಪಂಚಾಂಗದ ಹಿಂದೆ ಬರೆದಿಡಿ: ಯಾವ ಕೌಂಟಿ, ಯಾವ ಹಳ್ಳ ಅಥವಾ ಜಲಾಶಯ, ಮನೆಯ ನೆಲ ಸಮುದ್ರಮಟ್ಟದಿಂದ ಎಷ್ಟು ಅಡಿ. ಮೂರನೆಯದು ಗೊತ್ತಿದ್ದರೆ ಬಾರ್ಕರ್ ಮಟ್ಟದ ಸುದ್ದಿ ಬಂದಾಗ ನೀವೇ ಕಳೆಯುವ ಲೆಕ್ಕ ಮಾಡಬಹುದು. ನೆಲ 104 ಅಡಿ, ಜಲಾಶಯ 97 ಎಂದಾದರೆ ಇನ್ನೂ ಏಳು ಅಡಿ ಇದೆ. ಯಾವ ನಿರೂಪಕನೂ ನಿಮಗೆ ಈ ಲೆಕ್ಕ ಹೇಳಿಕೊಡಲಾರ.

ಮಳೆ ನಿಂತಿತು ಎಂದ ಮೇಲೂ ಎರಡು ಮೂರು ದಿನ ಕಣ್ಣಿಟ್ಟಿರಬೇಕಾಗುತ್ತದೆ. ಹಾರ್ವಿಯ ಮಳೆ ಊರಿನಿಂದ ಸರಿದಾದ ಮೇಲೆ, ಸೆಪ್ಟೆಂಬರ್ 1ರಂದು, ಫೋರ್ಟ್ ಬೆಂಡ್ ಕೌಂಟಿಯ ರಿಚ್ಮಂಡ್‌ನಲ್ಲಿ ಬ್ರಾಜೋಸ್ ನದಿ ಸುಮಾರು 55 ಅಡಿಗೆ ಏರಿ ದಾಖಲೆ ಮಾಡಿತು. (ಇದು ನದಿಯ ಮಾಪಕದ ಅಡಿ, ಸಮುದ್ರಮಟ್ಟದ್ದಲ್ಲ, ಪದ್ಧತಿ ಬೆರೆಸುವುದರಲ್ಲಿ ಅವರೂ ನಮಗಿಂತ ಕಡಿಮೆಯಿಲ್ಲ.) ಮೇಲಿನ ಕಣಿವೆಯ ನೀರು ಇಳಿದು ಬರಲು ಅಷ್ಟು ಸಮಯ ಬೇಕು. ಆ ಹೊತ್ತಿಗೆ ನಮ್ಮ ಟಿವಿಯವರು ಬೇರೆ ಸುದ್ದಿಗೆ ಜಿಗಿದಿದ್ದರು.

ಯಾರನ್ನು ಓದಬೇಕು? ಅಲ್ಲಿನ ‘ಸ್ಪೇಸ್ ಸಿಟಿ ವೆದರ್’ ಎಂಬ ಹವಾಮಾನ ತಾಣ ನನ್ನ ಆಯ್ಕೆ. ಎರಿಕ್ ಬರ್ಗರ್ ಶುರು ಮಾಡಿದ್ದು. ಹೆದರಿಸುವುದಿಲ್ಲ, ಏನೂ ಆಗದು ಎಂದು ತಳ್ಳಿಹಾಕುವುದೂ ಇಲ್ಲ. ಸರಳ ಇಂಗ್ಲಿಷ್, ನೀವು ಒಂದೇ ಓದಿಗೆ ಹಿಡಿಯುತ್ತೀರಿ. ನೆರೆಯ ವಿಷಯಕ್ಕೆ ಹ್ಯಾರಿಸ್ ಕೌಂಟಿಯ ಹವಾಮಾನ ತಜ್ಞ ಜೆಫ್ ಲಿಂಡ್ನರ್ ಮಾತು ಕೇಳಿ. ಹಾರ್ವಿಯ ದಿನಗಳಲ್ಲಿ ನಿದ್ದೆಗೆಟ್ಟು, ಯಾವ ಹಳ್ಳ ಎಲ್ಲಿಗೆ ಬಂದಿದೆ ಎಂದು ಒಂದೊಂದಾಗಿ ಹೇಳಿ ಇಡೀ ಊರಿನ ವಿಶ್ವಾಸ ಗಳಿಸಿದ ಮನುಷ್ಯ ಆತ.

ವಾಟ್ಸ್ಯಾಪ್ ಫೋಟೋಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಳುಗಿದ ಹೆದ್ದಾರಿಯಲ್ಲಿ ಶಾರ್ಕ್ ಈಜುವ ಚಿತ್ರ ಹಾರ್ವಿಯಲ್ಲೂ ಬಂತು, ಅದಕ್ಕೂ ಮೊದಲೂ ಬಂದಿತ್ತು, ಸುಳ್ಳು. ವಿಮಾನಗಳು ನೀರಿನಲ್ಲಿ ನಿಂತ ‘ಹ್ಯೂಸ್ಟನ್ ಏರ್‌ಪೋರ್ಟ್’ ಚಿತ್ರ ನ್ಯೂಯಾರ್ಕ್‌ನ ಲಾಗಾರ್ಡಿಯಾ ವಿಮಾನ ನಿಲ್ದಾಣ ಮುಂದೊಂದು ದಿನ ಹೇಗಾದೀತು ಎಂದು ಕಂಪ್ಯೂಟರಿನಲ್ಲಿ ಮಾಡಿದ ಕಲ್ಪನೆ. ಆದರೆ ಡಿಕಿನ್ಸನ್ ಎಂಬ ಊರಿನ ವೃದ್ಧಾಶ್ರಮದಲ್ಲಿ ಅಜ್ಜಿಯರು ಸೊಂಟಮಟ್ಟದ ನೀರಿನಲ್ಲಿ ಕುರ್ಚಿ ಮೇಲೆ ಕೂತಿದ್ದ ಚಿತ್ರವನ್ನು ಎಷ್ಟೋ ಜನ ಸುಳ್ಳು ಎಂದರು. ಅದು ನಿಜವಾಗಿತ್ತು, ಅವರನ್ನು ಆಮೇಲೆ ರಕ್ಷಿಸಿದರು. ಕಣ್ಣಿಗೆ ನಂಬಿಕೆ ಬಂತೋ ಇಲ್ಲವೋ ಎಂಬುದನ್ನು ಹಿಡಿದು ತೀರ್ಪು ಕೊಡಲು ಬರುವುದಿಲ್ಲ. ಯಾವ ಬೀದಿ, ಯಾವ ದಿನ, ಯಾರು ತೆಗೆದದ್ದು ಎಂದು ಇಲ್ಲದ ಫೋಟೋವನ್ನು ಹೆಂಡತಿಗೆ ತೋರಿಸಬೇಡಿ, ಅಷ್ಟೆ.

ದೊಡ್ಡವರ ಮಾತಿಗೂ ಊರಿನ ಪರಿಸ್ಥಿತಿಗೂ ನಡುವೆ ಒಂದು ಅಂತರ ಇರುತ್ತದೆ. 2017ರಲ್ಲಿ ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್, ಹ್ಯೂಸ್ಟನ್ ವಿಶ್ವವಿದ್ಯಾಲಯದ 200 ಭಾರತೀಯ ವಿದ್ಯಾರ್ಥಿಗಳ ಸುತ್ತ ಕತ್ತಿನವರೆಗೆ ನೀರು ನಿಂತಿದೆ ಎಂದು ಟ್ವೀಟ್ ಮಾಡಿದರು. ಊಟ ತಲುಪಿಸಲು ಯತ್ನಿಸಿದರೂ ದೋಣಿಗಳೆಲ್ಲ ರಕ್ಷಣಾ ಕೆಲಸಕ್ಕೆ ಬೇಕೆಂದು ಕರಾವಳಿ ಪಡೆ ಬಿಡಲಿಲ್ಲ ಎಂದೂ ಬರೆದರು. ಇಲ್ಲಿ ಎಷ್ಟೋ ತಂದೆತಾಯಿಯರ ಕಿವಿಗೆ ಬಿದ್ದದ್ದು ‘ಕತ್ತಿನವರೆಗೆ’ ಎಂಬ ಮಾತೊಂದೇ. ನೀರು ನಿಂತದ್ದು ಸುತ್ತ. ಮಕ್ಕಳು ನೀರಿನಲ್ಲಿ ನಿಂತಿದ್ದಾರೆ ಎಂದು ಅವರು ಬರೆದಿರಲಿಲ್ಲ. ಎರಡಕ್ಕೂ ವ್ಯತ್ಯಾಸವಿದೆ. ತೊಂದರೆಯಲ್ಲಿದ್ದರೆ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟ್ ಸಹಾಯವಾಣಿ ತೆರೆಯುತ್ತದೆ, ಆದರೆ ಮಗಳು ಎರಡು ಗಂಟೆ ಫೋನ್ ಎತ್ತಲಿಲ್ಲ ಎಂದು ಅಲ್ಲಿಗೆ ಕರೆ ಮಾಡಬೇಡಿ. ದೋಣಿ ಬೇಕಾದವರ ಕರೆ ಸಾಲಿನಲ್ಲಿ ಹಿಂದೆ ಬೀಳುತ್ತದೆ.

ಫೋನ್ ಮೌನವಾದರೆ ಮೊದಲ ಕಾರಣ ಕರೆಂಟ್ ಎಂದೇ ಇಟ್ಟುಕೊಳ್ಳಿ. ಬೆರಿಲ್‌ನಲ್ಲಿ ಎಷ್ಟೋ ಕಡೆ ಟವರುಗಳು, ಮನೆಯ ವೈಫೈ, ಚಾರ್ಜರು ಸತ್ತಿದ್ದವು. ವಿದ್ಯುತ್ ಕಂಪನಿಯ ನಕ್ಷೆಯೂ ಕೆಲಸ ಮಾಡದೆ, ಯಾವ ಬಡಾವಣೆಗೆ ಕರೆಂಟ್ ಬಂದಿದೆ ಎಂದು ತಿಳಿಯಲು ಜನ ವಾಟಬರ್ಗರ್ ಎಂಬ ಹೋಟೆಲ್ ಸರಣಿಯ ಆ್ಯಪ್‌ನಲ್ಲಿ ಯಾವ ಶಾಖೆ ತೆರೆದಿದೆ ಎಂದು ನೋಡುತ್ತಿದ್ದರು! ವಾಟ್ಸ್ಯಾಪ್‌ನಲ್ಲಿ ಒಂದೇ ಟಿಕ್ ಬಿದ್ದಿದ್ದರೆ ಫೋನು ಆಫ್ ಅಥವಾ ನೆಟ್‌ವರ್ಕ್ ಇಲ್ಲ, ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬೇಡಿ. ಎಸ್ಸೆಮ್ಮೆಸ್ ಕಳಿಸಿ, ಕರೆ ಸಿಗದಾಗಲೂ ಅದು ನುಸುಳುವುದುಂಟು. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಒಬ್ಬ ನೆಂಟರನ್ನು ಮೊದಲೇ ಗೊತ್ತುಮಾಡಿ: ಮಗಳು ಅವರಿಗೊಂದು ಸಂದೇಶ ಹಾಕುತ್ತಾಳೆ, ಅವರು ನಿಮಗೂ ಬೀಗರಿಗೂ ತಿಳಿಸುತ್ತಾರೆ. ಇಪ್ಪತ್ತು ಜನ ಒಂದೊಂದು ಸಲ ‘ಹೇಗಿದ್ದೀಯಮ್ಮ’ ಎಂದು ಕೇಳಿದರೆ ಅವಳ ಉಳಿದ ಚಾರ್ಜೂ ಮುಗಿಯುತ್ತದೆ. ಕರೆಂಟಿಲ್ಲದೆ ಜನರೇಟರ್ ಹಾಕಿದರೆ ಅದು ಮನೆ, ಗ್ಯಾರೇಜುಗಳಿಂದ ದೂರ ಹೊರಗಿರಲಿ ಎಂದು ಬರೆಯಿರಿ. ಅದರ ಹೊಗೆಯಿಂದ ಎಷ್ಟೋ ಚಂಡಮಾರುತಗಳ ನಂತರ ಜೀವ ಹೋಗಿದೆ.

‘ಹೊರಡಿ’ ಎನ್ನಬೇಕೇ ಎಂದು ಕೇಳಿದ್ದೀರಿ. ಇಲ್ಲಿಂದ ಹೇಳಬೇಡಿ. 2005ರಲ್ಲಿ ಕತ್ರಿನಾ ಚಂಡಮಾರುತ ಆಗಿ ಮೂರೇ ವಾರ; ರೀಟಾ ಎಂಬ ಇನ್ನೊಂದು ಬರುತ್ತದೆಂದು ಹ್ಯೂಸ್ಟನ್ ಸುತ್ತಲಿನ ಲಕ್ಷಾಂತರ ಜನ ಒಟ್ಟಿಗೆ ಹೊರಟರು. ನೂರಾರು ಕಿಲೋಮೀಟರು ಉದ್ದಕ್ಕೂ ಕಾರುಗಳು ನಿಂತವು, ಪೆಟ್ರೋಲ್ ಮುಗಿಯಿತು, ಸೆಕೆ ತಡೆಯಲಾಗಲಿಲ್ಲ. ವೃದ್ಧರನ್ನು ಕರೆದೊಯ್ಯುತ್ತಿದ್ದ ಬಸ್ಸೊಂದಕ್ಕೆ ಬೆಂಕಿ ಬಿದ್ದು 23 ಜನ ಸತ್ತರು. ಆ ಪಲಾಯನದಲ್ಲಿ ಸತ್ತವರ ಸಂಖ್ಯೆ ನೂರರ ಆಸುಪಾಸು ಎಂದು ಲೆಕ್ಕ. ರೀಟಾ ಬೇರೆ ದಿಕ್ಕಿಗೆ ಹೋಯಿತು. 2017ರಲ್ಲಿ ಮೇಯರ್ ಸಿಲ್ವೆಸ್ಟರ್ ಟರ್ನರ್ ಊರು ಖಾಲಿ ಮಾಡಿಸದೆ ಇದ್ದದ್ದಕ್ಕೆ ಈ ನೆನಪೇ ಒಂದು ಕಾರಣ. ಸಮುದ್ರದಂಚಿನ ಗ್ಯಾಲ್ವೆಸ್ಟನ್ ಕಡೆಯವರಿಗೆ ಹೊರಡುವ ಆದೇಶ ಬಂದರೆ ಹೊರಡಲೇಬೇಕು. ಒಳನಾಡಿನ ಕೇಟಿಯಲ್ಲಿ ಆ ತೀರ್ಮಾನ ಕೌಂಟಿಯವರದು, ಅದನ್ನು ಕೇಳಿಸಿಕೊಳ್ಳುವುದು ಮಗಳು ಅಳಿಯನ ಕೆಲಸ.

ನೀವು ಹೇಳಬಹುದಾದ, ಹೇಳಲೇಬೇಕಾದ ಮಾತು ಬೇರೆ ಇದೆ, ಅದನ್ನು ಮಳೆಗಿಂತ ಮುಂಚೆ ಹೇಳಬೇಕು. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆಗೆ ನೆರೆ ಸೇರಿರುವುದಿಲ್ಲ. ನೆರೆ ವಿಮೆ ಪ್ರತ್ಯೇಕ. ಹಾರ್ವಿಯಲ್ಲಿ ನೀರು ಹೊಕ್ಕ ಮನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಪಾಲು ‘ನೂರು ವರ್ಷದ ನೆರೆ’ಯ (ಯಾವುದೇ ವರ್ಷ ಬರುವ ಸಾಧ್ಯತೆ ನೂರಕ್ಕೆ ಒಂದು ಇರುವ ನೆರೆ) ನಕ್ಷೆಯ ಹೊರಗಿದ್ದವು. ನಕ್ಷೆಯಲ್ಲಿ ಇಲ್ಲವಲ್ಲ ಎಂದು ಬಹುಪಾಲು ಜನ ವಿಮೆ ಮಾಡಿಸಿರಲಿಲ್ಲ. ಅಲ್ಲಿನ ಕೇಂದ್ರ ಸರಕಾರದ ಯೋಜನೆಯ ನೆರೆ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುತ್ತದೆ, ಚಂಡಮಾರುತ ಮೆಕ್ಸಿಕೋ ಕೊಲ್ಲಿಗೆ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಅಲ್ಲಿ ಋತು ಶುರುವಾಗುವುದು ಜೂನ್ 1ಕ್ಕೆ. ಏಪ್ರಿಲ್ ಮುಗಿಯುವುದರೊಳಗೆ ಒಂದು ಭಾನುವಾರ ಅಳಿಯಂದಿರನ್ನು ಕೇಳಿ: ಮನೆ ಬಾರ್ಕರ್‌ನ ನೀರು ನಿಲ್ಲುವ ಜಾಗದೊಳಗೆ ಬರುತ್ತದೆಯೇ, ನೆರೆ ವಿಮೆ ಇದೆಯೇ, ಇದ್ದರೆ ಮನೆಯ ಸಾಮಾನಿಗೂ ಸೇರಿದೆಯೇ, ಬರೀ ಗೋಡೆಗೋ?